ಸೋಸಿದ ನೀರು, ಸೋಸದ ವಿಷ

ಮುಂಬೈ, ಪುಣೆಗಳಲ್ಲಿ ನೆಲೆಸಿದ ಶ್ರಾವಕರ ಮನೆಗಳಲ್ಲಿ ಇಂದಿಗೂ ನಲ್ಲಿಯ ಬಾಯಿಗೆ ನೀರು ಸೋಸುವ ಬಟ್ಟೆ ಕಟ್ಟಿರುತ್ತದೆ. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಯುತ್ತದೆ. ಕಂದಮೂಲ ಹೊಸ್ತಿಲು ದಾಟುವುದಿಲ್ಲ. ಸೊಸೆ ಗರ್ಭಿಣಿಯಾದಳೆಂದರೆ ಹಿರಿಯರ ಎಚ್ಚರ ಇಮ್ಮಡಿಯಾಗುತ್ತದೆ. ಅದೇ ಮನೆಗೆ ಕೆಲವು ತಿಂಗಳಿಗೊಮ್ಮೆ ಪೆಸ್ಟ್ ಕಂಟ್ರೋಲ್‌ನವನೊಬ್ಬ ಡಬ್ಬ ಹೊತ್ತು ಬಂದು, ಅಡುಗೆಮನೆಯ ಕಟ್ಟೆಯ ಅಡಿಗೂ ಮಲಗುವ ಕೋಣೆಯ ಮೂಲೆಗೂ ಸಿಂಪಡಿಸಿ, ಹೌಸಿಂಗ್ ಸೊಸೈಟಿಯ ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡು ಹೋಗುತ್ತಾನೆ. ಆ ದ್ರಾವಣದ ಹೆಸರೇನೆಂದು ಕೇಳುವವರಿಲ್ಲ. ಸತ್ತ ಜಿರಳೆಗಳಿಗಾಗಿ ಮನಸ್ಸಿನಲ್ಲೇ ಕ್ಷಮೆ ಯಾಚಿಸುವ ಅಜ್ಜಿಯೊಬ್ಬಳು ಇರಬಹುದು. ಗರ್ಭದಲ್ಲಿರುವ ಜೀವದ ನೆನಪು ಆಗ ಯಾರಿಗೂ ಬರುವುದಿಲ್ಲ.

ಈ ನೆನಪಿಲ್ಲದಿರುವಿಕೆಗೆ ತೆರಬೇಕಾದ ಬೆಲೆಯನ್ನು ನ್ಯೂಯಾರ್ಕಿನಲ್ಲಿ ಅಳೆದಿದ್ದಾರೆ. ಅಲ್ಲಿನ ಬಡ ಬಡಾವಣೆಗಳ ಹಳೆಯ ಅಪಾರ್ಟ್‌ಮೆಂಟುಗಳಲ್ಲಿ ಜಿರಳೆ ಕೊಲ್ಲಲು ಕ್ಲೋರ್‌ಪೈರಿಫಾಸ್ ಎಂಬ ಕೀಟನಾಶಕ ಯಥೇಚ್ಛವಾಗಿ ಬಳಕೆಯಾಗುತ್ತಿತ್ತು. ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು ಅಲ್ಲಿ ಜನಿಸಿದ ಶಿಶುಗಳ ಹೊಕ್ಕುಳಬಳ್ಳಿಯ ರಕ್ತದಲ್ಲಿ ಈ ರಾಸಾಯನಿಕದ ಪ್ರಮಾಣವನ್ನು ಅಳೆದು, ಆ ಮಕ್ಕಳು ಬೆಳೆಯುವುದನ್ನು ವರ್ಷಗಟ್ಟಲೆ ಗಮನಿಸಿದರು. 2011ರಲ್ಲಿ ಪ್ರಕಟವಾದ, 265 ಮಕ್ಕಳನ್ನೊಳಗೊಂಡ ಅವರ ವರದಿಯ ಪ್ರಕಾರ, ಹುಟ್ಟುವ ಮುನ್ನ ಹೆಚ್ಚು ವಿಷ ತಗುಲಿದ ಮಕ್ಕಳು ಏಳನೆಯ ವಯಸ್ಸಿನಲ್ಲಿ ಬುದ್ಧಿಸೂಚ್ಯಂಕದಲ್ಲಿಯೂ, ಕೇಳಿದ್ದನ್ನು ಕ್ಷಣಕಾಲ ಮನಸ್ಸಿನಲ್ಲಿಟ್ಟುಕೊಂಡು ಕೆಲಸ ಮಾಡುವ ಶಕ್ತಿಯಲ್ಲಿಯೂ ಹಿಂದುಳಿದಿದ್ದರು. ಮರುವರ್ಷ 40 ಮಕ್ಕಳ ಮೆದುಳಿನ ಎಂಆರ್‌ಐ ಚಿತ್ರಗಳನ್ನು ಹೋಲಿಸಿದಾಗ ಮೆದುಳಿನ ರಚನೆಯಲ್ಲಿಯೇ ವ್ಯತ್ಯಾಸಗಳು ಕಂಡವು.

ಆ ತಾಯಂದಿರು ಹೊಲದಲ್ಲಿ ದುಡಿದವರಲ್ಲ, ವಿಷ ಕುಡಿದವರೂ ಅಲ್ಲ. ಬಾಡಿಗೆಯ ಮನೆಯಲ್ಲಿ ಉಸಿರಾಡಿಕೊಂಡಿದ್ದವರು.

ಇದು ಹೇಗೆ ಸಾಧ್ಯ? ನರದಿಂದ ನರಕ್ಕೆ ಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್ ಎಂಬ ದ್ರವ್ಯವನ್ನು, ಅದರ ಕೆಲಸ ಮುಗಿದೊಡನೆ ಒಡೆದುಹಾಕುವ ಕಿಣ್ವವೊಂದುಂಟು. ಆರ್ಗನೊಫಾಸ್ಫೇಟ್ ವರ್ಗದ ವಿಷಗಳು ಆ ಕಿಣ್ವವನ್ನು ಕಟ್ಟಿಹಾಕುತ್ತವೆ. ನರಗಳು ತಡೆಯಿಲ್ಲದೆ ಉದ್ರೇಕಗೊಂಡು ಕೀಟ ಸಾಯುತ್ತದೆ. ಮನುಷ್ಯನ ನರಗಳೂ ನಡೆಯುವುದು ಇದೇ ವ್ಯವಸ್ಥೆಯಿಂದ. ಎಲ್ಲ ಜೀವಗಳ ಬಂಧುತ್ವವನ್ನು ಸಾರುವ ಸಮಾಜಕ್ಕೆ ಇದು ಅಚ್ಚರಿಯ ಮಾತಾಗಬೇಕಿರಲಿಲ್ಲ. ಈ ವಿಷ ಮಾಸುಚೀಲವನ್ನು ದಾಟುತ್ತದೆ. ಅದನ್ನು ನಿರ್ವೀರ್ಯಗೊಳಿಸುವ ಕಿಣ್ವ ದೊಡ್ಡವರ ದೇಹದಲ್ಲಿರುವಷ್ಟು ಭ್ರೂಣದಲ್ಲಿ ಇರುವುದಿಲ್ಲ. ತಾಯಿಗೆ ತಲೆನೋವು ಕೂಡ ಬಾರದಷ್ಟು ಅಲ್ಪಪ್ರಮಾಣವೂ, ನರಕೋಶಗಳು ತಮ್ಮ ತಮ್ಮ ಸ್ಥಾನಗಳಿಗೆ ಸಾಗಿ ಒಂದನ್ನೊಂದು ಹೆಣೆದುಕೊಳ್ಳುವ ಆ ತಿಂಗಳುಗಳಲ್ಲಿ, ಅಲ್ಪವಾಗಿ ಉಳಿಯುವುದಿಲ್ಲ.

ಕ್ಯಾಲಿಫೋರ್ನಿಯಾದ ಸಲೀನಾಸ್ ಕಣಿವೆಯಲ್ಲಿ, ಸೊಪ್ಪು-ಸ್ಟ್ರಾಬೆರಿ ಬೆಳೆಯುವ ಕೃಷಿಕಾರ್ಮಿಕರ ಕುಟುಂಬಗಳ ನಡುವೆ ಬರ್ಕ್ಲಿ ವಿಶ್ವವಿದ್ಯಾಲಯದವರು ನಡೆಸಿದ ಅಧ್ಯಯನವೂ 2011ರಲ್ಲಿಯೇ ಬಂತು. ಗರ್ಭಿಣಿಯರ ಮೂತ್ರದಲ್ಲಿ ಆರ್ಗನೊಫಾಸ್ಫೇಟುಗಳ ಅವಶೇಷ ಅತಿ ಹೆಚ್ಚಾಗಿದ್ದ ಗುಂಪಿನ ಮಕ್ಕಳು, ಅತಿ ಕಡಿಮೆಯಿದ್ದ ಗುಂಪಿನವರಿಗಿಂತ ಬುದ್ಧಿಸೂಚ್ಯಂಕದಲ್ಲಿ ಸರಾಸರಿ 7 ಅಂಕ ಹಿಂದಿದ್ದರು. ಉದ್ಯಮದ ಪರ ವಕಾಲತ್ತು ವಹಿಸುವವರು ಇವೆಲ್ಲ ಬರಿಯ ಸಂಬಂಧಗಳು, ಕಾರಣದ ಸಾಕ್ಷ್ಯವಲ್ಲ ಎನ್ನುತ್ತಾರೆ. ಬಡತನ, ತಾಯಿಯ ಶಿಕ್ಷಣ ಮುಂತಾದವುಗಳ ಪ್ರಭಾವವನ್ನು ಕಳೆದೇ ಸಂಶೋಧಕರು ಲೆಕ್ಕ ಹಾಕಿದ್ದರೆಂಬುದನ್ನು ಅವರು ಹೇಳುವುದಿಲ್ಲ. ಗರ್ಭಿಣಿಯರಿಗೆ ಬೇಕೆಂದೇ ವಿಷವುಣಿಸಿ ಪ್ರಯೋಗ ಮಾಡಲಾಗದೆಂಬುದು ಅವರಿಗೂ ಗೊತ್ತು. ದೊರಕಲಾರದ ಸಾಕ್ಷ್ಯವನ್ನು ಕೇಳುತ್ತಾ ಕೂರುವುದು ಲಾಭದಾಯಕ ವಿವೇಕ.

ಭಾರತದಲ್ಲಿ ಕೀಟನಾಶಕದ ಡಬ್ಬದ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ಬಣ್ಣದ ಗುರುತು ಇರುತ್ತದೆ. ಪ್ರಯೋಗಾಲಯದ ಪ್ರಾಣಿಗಳಲ್ಲಿ ಅರ್ಧದಷ್ಟು ಸಾಯಲು ಎಷ್ಟು ಮಿಲಿಗ್ರಾಂ ಬೇಕೆಂಬುದೇ ಆ ಬಣ್ಣದ ಆಧಾರ. ಕ್ಲೋರ್‌ಪೈರಿಫಾಸ್‌ನದು ಹಳದಿ. ಹುಟ್ಟಲಿರುವ ಮಗುವಿನ ಕಲಿಕೆಯನ್ನು ಯಾವ ಬಣ್ಣವೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಸಾವಿಗೆ ಮಾತ್ರ ಅಳತೆಗೋಲಿರುವ ಈ ವ್ಯವಸ್ಥೆಯ ಮೂಲ 1968ರ ಕೀಟನಾಶಕ ಅಧಿನಿಯಮ. ಅದರ ಬದಲಿಗೆಂದು 2020ರಲ್ಲಿ ರಾಜ್ಯಸಭೆಯಲ್ಲಿ ಮಂಡಿಸಿದ ಮಸೂದೆ ಶಾಸನವಾಗಲಿಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ಕೇಂದ್ರ ಕೃಷಿ ಸಚಿವಾಲಯವು 27 ಕೀಟನಾಶಕಗಳನ್ನು ನಿಷೇಧಿಸುವ ಕರಡು ಆದೇಶ ಹೊರಡಿಸಿತು. ಕ್ಲೋರ್‌ಪೈರಿಫಾಸ್ ಆ ಪಟ್ಟಿಯಲ್ಲಿತ್ತು. ಉದ್ಯಮ ಗದ್ದಲವೆಬ್ಬಿಸಿತು. 2023ರಲ್ಲಿ ಹೊರಬಿದ್ದ ಅಂತಿಮ ಆದೇಶದಲ್ಲಿ ಪೂರ್ಣ ನಿಷೇಧಕ್ಕೊಳಗಾದವು ಬೆರಳೆಣಿಕೆಯಷ್ಟು. ಕ್ಲೋರ್‌ಪೈರಿಫಾಸನ್ನು ಎಲಚಿ, ನಿಂಬೆ-ಕಿತ್ತಳೆ ಜಾತಿಯ ಹಣ್ಣು ಮತ್ತು ತಂಬಾಕಿಗೆ ಬಳಸಕೂಡದೆಂದು ಹೇಳಿ ಕೈ ತೊಳೆದುಕೊಳ್ಳಲಾಯಿತು. ತಂಬಾಕು ಸೇದುವವನಿಗೆ ದೊರೆತ ರಕ್ಷಣೆ ಬಸುರಿಗೆ ದೊರೆಯಲಿಲ್ಲ! ಯೂರೋಪ್ ಒಕ್ಕೂಟ 2020ರಲ್ಲಿ ಇದರ ಪರವಾನಗಿಯನ್ನು ನವೀಕರಿಸಲು ನಿರಾಕರಿಸಿತು. 2025ರ ಮೇ ತಿಂಗಳಲ್ಲಿ ಸ್ಟಾಕ್‌ಹೋಮ್ ಒಡಂಬಡಿಕೆಯ ರಾಷ್ಟ್ರಗಳು, ಹಲವು ವಿನಾಯಿತಿಗಳೊಡನೆಯಾದರೂ, ಜಗತ್ತಿನಿಂದಲೇ ತೊಲಗಿಸಬೇಕಾದ ರಾಸಾಯನಿಕಗಳ ಪಟ್ಟಿಗೆ ಇದನ್ನು ಸೇರಿಸಿದವು.

ಕನ್ನಡಿಗರಿಗೆ ಈ ಪಾಠವನ್ನು ಪರದೇಶದಿಂದ ಕಲಿಯುವ ಅಗತ್ಯವಿರಲಿಲ್ಲ. ಕಾಸರಗೋಡಿನ ಗೇರುತೋಟಗಳ ಮೇಲೆ 2000ದವರೆಗೆ ಎರಡು ದಶಕಗಳಿಗೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡದ ಆಸುಪಾಸಿನ ಗೇರುತೋಟಗಳಲ್ಲಿಯೂ ಅದೇ ಕಥೆ. ಬಸದಿಗಳ ನಾಡು ಅದು. ಎಣ್ಮಕಜೆಯ ಪಡ್ರೆಯಲ್ಲಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ತಪಾಸಣೆ ನಡೆಸಿ, ಅಲ್ಲಿನ ಮಕ್ಕಳಲ್ಲಿ ಕಲಿಕೆಯ ತೊಡಕುಗಳೂ ಜನ್ಮಜಾತ ವೈಕಲ್ಯಗಳೂ ಹೆಚ್ಚಾಗಿರುವುದನ್ನು ಗುರುತಿಸಿತು. ಸರ್ವೋಚ್ಚ ನ್ಯಾಯಾಲಯ ಎಂಡೋಸಲ್ಫಾನನ್ನು ತಡೆದದ್ದು 2011ರಲ್ಲಿ; ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಕೇರಳ ಸರಕಾರಕ್ಕೆ ಆದೇಶಿಸಿದ್ದು 2017ರಲ್ಲಿ. ಕಣ್ಣಿಗೆ ರಾಚುವ ವೈಕಲ್ಯಕ್ಕೆ ನ್ಯಾಯ ಇಷ್ಟು ತಡವಾಗಿ ಬಂದಿರುವಾಗ, ಏಳು ಅಂಕ ಕಳೆದುಕೊಂಡ ಮಗುವಿಗೆ ಅದು ಬರುವುದೇ ಇಲ್ಲ. ಆ ಮಗು ಶಾಲೆಯಲ್ಲಿ 'ಸ್ವಲ್ಪ ಮಂದ' ಎನ್ನಿಸಿಕೊಂಡು, ಟ್ಯೂಷನ್ನಿಗೆ ಹೋಗಿ, ಬೈಸಿಕೊಂಡು ಬೆಳೆಯುತ್ತದೆ. ತನ್ನಿಂದ ಏನು ಕಸಿಯಲಾಗಿದೆಯೆಂದು ಅದಕ್ಕಾಗಲಿ ತಂದೆತಾಯಿಗಾಗಲಿ ತಿಳಿಯುವುದಿಲ್ಲ.

ಇನ್ನು ಸಮಾಜದ ಮಾತು. ಬೆಳಗಾವಿ, ಸಾಂಗಲಿ, ಕೊಲ್ಲಾಪುರಗಳಲ್ಲಿ ಕಬ್ಬು, ದ್ರಾಕ್ಷಿ ಬೆಳೆಯುವ ಜೈನ ರೈತರು ಅಸಂಖ್ಯ. ಗೊಬ್ಬರ-ಔಷಧಿಯ ಅಂಗಡಿ ಇಟ್ಟವರೂ ಕಡಿಮೆಯಿಲ್ಲ. ವಿಷಕ್ಕೆ ಹಳ್ಳಿಯಲ್ಲಿ 'ಔಷಧಿ' ಎಂದೇ ಹೆಸರು. ಈ ಹೆಸರೇ ಅರ್ಧ ವ್ಯಾಪಾರ ಮಾಡಿಕೊಡುತ್ತದೆ. ಕೃಷಿಯಲ್ಲಾಗುವ ಹಿಂಸೆ ಉದ್ಯೋಗಿ ಹಿಂಸೆ, ಗೃಹಸ್ಥನಿಗೆ ಅದು ಅನಿವಾರ್ಯ ಎಂಬ ಸಮಾಧಾನ ರೈತನಿಗೆ ಸಲ್ಲಬಹುದು. ಮೊದಲು ವಿಷ ಕುಡಿಯುವುದು ಅವನ ಶ್ವಾಸಕೋಶವೇ, ಅವನ ಹೊಲದಲ್ಲಿ ಕಳೆ ಕೀಳುವ ಬಸುರಿಯ ದೇಹವೇ. ಆದರೆ ಶ್ರಾವಕಾಚಾರ ಗ್ರಂಥಗಳು ಎಣಿಸುವ ಹದಿನೈದು ಖರಕರ್ಮಗಳಲ್ಲಿ ವಿಷವಾಣಿಜ್ಯವೂ ಒಂದೆಂಬುದನ್ನು ಚಾತುರ್ಮಾಸದ ಪ್ರವಚನಗಳಲ್ಲಿ ಎಷ್ಟು ಮಂದಿ ಕೇಳಿದ್ದಾರೆ? ಆಲೂಗಡ್ಡೆಯ ಬಗ್ಗೆ ಗಂಟೆಗಟ್ಟಲೆ ಮಾತು. ದ್ರಾಕ್ಷಿಯ ಮೇಲಿನ ಬಿಳಿ ಪುಡಿಯ ಬಗ್ಗೆ ಮೌನ. ತಾನು ಮಾಡಲಿಲ್ಲ, ಮಾಡಿಸಲೂ ಇಲ್ಲ ಎನ್ನುವವನಿಗೂ ಅನುಮೋದನೆಯ ಪಾಲು ತಪ್ಪದೆಂಬುದನ್ನು ಬಲ್ಲ ಸಮಾಜಕ್ಕೆ ಈ ಮೌನ ಒಪ್ಪುವುದಿಲ್ಲ.

ಇಷ್ಟು ಹೇಳಿದೊಡನೆ ಮನೆಮನೆಯಲ್ಲಿ ಆಗುವುದೇನು ಎಂಬುದು ಗೊತ್ತಿರುವುದೇ: ಬಸುರಿಗೆ ಇನ್ನೆರಡು ನಿಷೇಧ ಹೇರಲಾಗುತ್ತದೆ. ದ್ರಾಕ್ಷಿ ಬೇಡ, ಹೂಕೋಸು ಬೇಡ, ತಿಂದರೆ ಮಗುವಿನ ಪಾಪ ನಿನಗೆ. ಇದು ಅನ್ಯಾಯ, ನಿಷ್ಪ್ರಯೋಜಕವೂ ಹೌದು. ಹಣ್ಣು ತರಕಾರಿಗಳನ್ನು ತೊಳೆದು ತಿನ್ನಬೇಕು, ಬಿಡಬಾರದು. ಅಮೆರಿಕ ಸರಕಾರ 2000ದಲ್ಲಿ ಕ್ಲೋರ್‌ಪೈರಿಫಾಸ್‌ನ ಗೃಹಬಳಕೆಯನ್ನು ಕೊನೆಗೊಳಿಸುವ ಕ್ರಮ ಕೈಗೊಂಡ ಬಳಿಕ, ಅದೇ ನ್ಯೂಯಾರ್ಕಿನ ಬಡಾವಣೆಗಳಲ್ಲಿ ಹುಟ್ಟಿದ ಶಿಶುಗಳ ರಕ್ತದಲ್ಲಿ ಅದರ ಪ್ರಮಾಣ ತೀವ್ರವಾಗಿ ಕುಸಿಯಿತು. ಯಾವ ತಾಯಿಯೂ ಅದಕ್ಕಾಗಿ ವ್ರತ ಹಿಡಿಯಬೇಕಾಗಲಿಲ್ಲ. ಕಾನೂನು ಬದಲಾಗಿತ್ತು, ಅಷ್ಟೆ.

ಆದುದರಿಂದ ಕೇಳಬೇಕಾದ ಪ್ರಶ್ನೆಗಳನ್ನು ಸೊಸೆಯ ತಟ್ಟೆಯ ಮುಂದಲ್ಲ, ಬೇರೆಡೆ ಕೇಳಬೇಕು. ಹೌಸಿಂಗ್ ಸೊಸೈಟಿಯ ಸಭೆಯಲ್ಲಿ: ಗೆದ್ದಲಿಗೆಂದು ಅಡಿಪಾಯಕ್ಕೆ ಸುರಿಯುವ, ಜಿರಳೆಗೆಂದು ಮನೆಯೊಳಗೆ ಸಿಂಪಡಿಸುವ ದ್ರಾವಣದ ಹೆಸರು ಬಿಲ್ಲಿನಲ್ಲಿ ಏಕಿಲ್ಲ? ದಕ್ಷಿಣ ಭಾರತ ಜೈನ ಸಭೆಯಂತಹ ಸಂಸ್ಥೆಗಳ ಅಧಿವೇಶನದಲ್ಲಿ: ಮಾನಪತ್ರಗಳ ನಡುವೆ ಈ ಕುರಿತು ಒಂದು ಠರಾವಿಗೆ ಜಾಗವಿಲ್ಲವೇ? ಮತ ಕೇಳಲು ಬಸದಿಯ ಬಾಗಿಲಿಗೆ ಬಂದು ಅಹಿಂಸೆಯ ಕುರಿತು ಭಾಷಣ ಮಾಡುವ ಸಂಸದರಲ್ಲಿ: 27ರ ಪಟ್ಟಿ ಕರಗಿದಾಗ ತಾವು ಎಲ್ಲಿದ್ದಿರಿ?