ಕೋರ್ಟಿಗೆ ಎಷ್ಟು ದೂರ?

ನಮ್ಮ ರಾಜ್ಯದ ನ್ಯಾಯಾಂಗದ ಚರಿತ್ರೆ ಬರೆಯಹೊರಟವರು ಸಾಮಾನ್ಯವಾಗಿ ಬೆಂಗಳೂರಿನ ಹೈಕೋರ್ಟಿನ ಕೆಂಪು ಕಟ್ಟಡದ ಮೆಟ್ಟಿಲಿನಿಂದಲೇ ಶುರುಮಾಡುತ್ತಾರೆ. 1884ರಲ್ಲಿ ಮೂವರು ನ್ಯಾಯಾಧೀಶರೊಡನೆ ಆರಂಭವಾದ ಮೈಸೂರು ಚೀಫ್ ಕೋರ್ಟ್, 1930ರಲ್ಲಿ ಅದಕ್ಕೆ ಬಂದ ಹೈಕೋರ್ಟ್ ಎಂಬ ಹೆಸರು, ನ್ಯಾಯಮೂರ್ತಿ ನಿಟ್ಟೂರು ಶ್ರೀನಿವಾಸರಾಯರ ನಿಷ್ಠೆ, 1973ರಲ್ಲಿ ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆಯವರು ಸುಪ್ರೀಂ ಕೋರ್ಟಿಗೆ ಕೊಟ್ಟ ರಾಜೀನಾಮೆ, ಎಲ್ಲವೂ ಹೆಮ್ಮೆಪಡುವಂಥವೇ. ಆದರೆ ಇದು ಪೀಠದ ಮೇಲೆ ಕೂತವರ ಚರಿತ್ರೆ. ಕಕ್ಷಿದಾರನ ಕಡೆಯಿಂದ ಬರೆದರೆ ಮೊದಲು ಏಳುವ ಪ್ರಶ್ನೆ ಬೇರೆ: ಕೋರ್ಟು ಎಷ್ಟು ದೂರ, ಹೋಗಿಬರಲು ಖರ್ಚೆಷ್ಟು?

1956ರ ಕರ್ನಾಟಕ ಏಕೀಕರಣ ಈ ದೂರವನ್ನು ಎಲ್ಲರಿಗೂ ಒಂದೇ ರೀತಿ ಬದಲಿಸಲಿಲ್ಲ. ಮುಂಬಯಿ ಹೈಕೋರ್ಟಿಗೆ ಓಡಾಡುತ್ತಿದ್ದ ಧಾರವಾಡಕ್ಕೆ, ಮದ್ರಾಸಿಗೆ ಹೋಗುತ್ತಿದ್ದ ಮಂಗಳೂರಿಗೆ ಬೆಂಗಳೂರು ಹತ್ತಿರವೇ ಆಯಿತು. ಬೀದರಿನ ಲೆಕ್ಕ ತಿರುಗುಮುರುಗಾಯಿತು. 150 ಕಿಲೋಮೀಟರಿನೊಳಗೆ ಹೈದರಾಬಾದಿನ ಹೈಕೋರ್ಟು ಇದ್ದವರು ಸುಮಾರು 700 ಕಿಲೋಮೀಟರು ಪ್ರಯಾಣ ಮಾಡಬೇಕಾಯಿತು. 1974ರ ಭೂಸುಧಾರಣಾ ತಿದ್ದುಪಡಿ ಬಂದಾಗ ಈ ದೂರದ ಬಿಸಿ ನೇರವಾಗಿ ತಟ್ಟಿತು. ಉಳುವ ಭೂಮಿಯ ಹಕ್ಕು ಕೋರಿದ ಗೇಣಿದಾರನ ಅರ್ಜಿ ತಾಲ್ಲೂಕಿನ ಭೂನ್ಯಾಯ ಮಂಡಳಿಯಲ್ಲೇ ತೀರ್ಮಾನವಾಗುತ್ತಿತ್ತು. ಅದರ ಮೇಲೆ ಹಲವು ವರ್ಷ ಮೇಲ್ಮನವಿಗೆ ಅವಕಾಶವೇ ಇರಲಿಲ್ಲ. ಉಳಿದ ದಾರಿ ಹೈಕೋರ್ಟಿನ ರಿಟ್ ಅರ್ಜಿಯೊಂದೇ. ಪಹಣಿ, ಗೇಣಿ ರಸೀದಿ, ಮಂಡಳಿಯ ಆದೇಶದ ನಕಲನ್ನು ಕೈಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿ, ಅಪರಿಚಿತ ಊರಿನ ಅಪರಿಚಿತ ವಕೀಲರಿಗೆ ವಕಾಲತ್ತು ಬರೆದುಕೊಡುವುದೆಂದರೆ ಎರಡೆಕರೆ ಗೇಣಿಯವನಿಗೆ ಅದೇ ಒಂದು ದಂಡ. ಹಕ್ಕು ಕೊಟ್ಟ ಕಾನೂನು ಅದನ್ನು ಉಳಿಸಿಕೊಳ್ಳುವ ದಾರಿಯನ್ನು ಮಾತ್ರ ದೂರದಲ್ಲಿಟ್ಟಿತ್ತು.

ಹೈಕೋರ್ಟನ್ನು ಕಕ್ಷಿದಾರನ ಹತ್ತಿರಕ್ಕೆ ತರಲು ಕಾನೂನಿನಲ್ಲಿ ಅವಕಾಶವಿರಲಿಲ್ಲ ಎನ್ನುವಂತಿಲ್ಲ. 1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆಯ 51ನೇ ಕಲಂ ಪ್ರಕಾರ, ರಾಜ್ಯಪಾಲರ ಒಪ್ಪಿಗೆ ಪಡೆದು ಮುಖ್ಯ ನ್ಯಾಯಮೂರ್ತಿಯೇ ಬೇರೆ ಊರಿನಲ್ಲಿ ಕಲಾಪ ನಡೆಸಲು ಏರ್ಪಾಡು ಮಾಡಬಹುದಿತ್ತು. ಇದೇ ಕಲಂ ಬಳಸಿ 1981ರಲ್ಲಿ ಮುಂಬಯಿ ಹೈಕೋರ್ಟ್ ಔರಂಗಾಬಾದಿನಲ್ಲಿ ಪೀಠ ತೆರೆಯಿತು. ಮರುವರ್ಷ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಔರಂಗಾಬಾದೂ ಕಲಬುರಗಿಯೂ ಹೈದರಾಬಾದಿನ ನಿಜಾಮನ ಒಂದೇ ಸೀಮೆಯಿಂದ ಬಂದ ಊರುಗಳು. ಒಂದಕ್ಕೆ ಸಿಕ್ಕದ್ದು ಇನ್ನೊಂದಕ್ಕೆ ಸಿಗಲು ಇನ್ನೂ 27 ವರ್ಷ ಬೇಕಾಯಿತು.

ಬೆಂಗಳೂರಿನಾಚೆ ಪೀಠ ತೆರೆಯುವುದಕ್ಕೆ ಆಕ್ಷೇಪಗಳಿದ್ದವು, ಅವು ಹುಸಿಯೂ ಅಲ್ಲ. ಹೈಕೋರ್ಟ್ ಒಡೆದರೆ ತೀರ್ಪುಗಳ ಏಕರೂಪತೆ ಕೆಡುತ್ತದೆ, ನುರಿತ ವಕೀಲರು ಚದುರಿಹೋಗುತ್ತಾರೆ ಎಂಬ ವಾದವಿತ್ತು. ಪೀಠ ಕೋರಿದ ವಕೀಲರ ಸಂಘಗಳ ಒಕ್ಕೂಟದ ಅರ್ಜಿಯನ್ನು 2000ದಲ್ಲಿ ಸುಪ್ರೀಂ ಕೋರ್ಟೇ ವಜಾ ಮಾಡಿತು. ಆದರೆ ಏಕರೂಪತೆ ಕಾಯಲು ಪೂರ್ಣಪೀಠವಿದೆ. ಬಸ್ ಚಾರ್ಜಿಗೆ ಹೆದರಿ ಮೇಲ್ಮನವಿಯನ್ನೇ ಕೈಬಿಟ್ಟವನನ್ನು ಕಾಯಲು ಯಾವ ಪೀಠವೂ ಇಲ್ಲ. ಇನ್ನು ನುರಿತ ವಕೀಲರು ಕೋರ್ಟು ಇರುವ ಕಡೆ ಬೆಳೆಯುತ್ತಾರೆಯೇ ಹೊರತು, ಅವರು ಬೆಳೆಯಲಿ ಎಂದು ಕೋರ್ಟು ಕಾಯಬೇಕಿಲ್ಲ. ಈಗ ವಿಡಿಯೊ ಕಲಾಪವಿದೆಯಲ್ಲ, ಪೀಠವೇಕೆ ಎನ್ನುವವರಿದ್ದಾರೆ. ಪರದೆ ವಾದವನ್ನು ತಲುಪಿಸಬಲ್ಲದು. ಕಾಗದಪತ್ರ ಹರವಿಕೊಂಡು, ತನ್ನ ಆಡುಮಾತಿನಲ್ಲಿ ಕಷ್ಟ ಹೇಳಿಕೊಳ್ಳುವ ಕಕ್ಷಿದಾರನಿಗೆ ಎದುರಿಗೊಬ್ಬ ವಕೀಲ ಬೇಕು.

ಕೊನೆಗೂ 2008ರ ಜುಲೈಯಲ್ಲಿ ಧಾರವಾಡ, ಕಲಬುರಗಿಗಳಲ್ಲಿ ಹೈಕೋರ್ಟಿನ ಸಂಚಾರಿ ಪೀಠಗಳು ಆರಂಭವಾದವು. 2013ರಲ್ಲಿ ಅವು ಕಾಯಂ ಆದವು. ಈ ಎರಡು ಪೀಠಗಳ ಹಿಂದೆ ಜಿಲ್ಲೆ, ತಾಲ್ಲೂಕುಗಳ ವಕೀಲರ ದೀರ್ಘ ಹೋರಾಟವಿದೆ. ಅದರ ಮನವಿಪತ್ರ, ಕರಪತ್ರ, ಠರಾವುಗಳು ಯಾವುದಾದರೂ ವಕೀಲರ ಸಂಘದ ಕಪಾಟಿನಲ್ಲಿ ಉಳಿದಿದ್ದರೆ, ಗೆದ್ದಲು ಹಿಡಿಯುವ ಮೊದಲು ಹೊರತೆಗೆದು ಜೋಪಾನ ಮಾಡಿ. ನಮ್ಮ ನ್ಯಾಯಾಂಗದ ಚರಿತ್ರೆಯ ಅರ್ಧ ಭಾಗ ಆ ಕಪಾಟುಗಳಲ್ಲಿದೆ.