ಎರಡನೇ ವರ್ಷವೂ ಆ ಹೆಸರು ಪಟ್ಟಿಯಲ್ಲಿರಲಿ

ಪದವಿ ಕಾಲೇಜುಗಳ ಪ್ರಾಂಶುಪಾಲರೇ, ಅಧ್ಯಾಪಕ ಮಿತ್ರರೇ, ಕಚೇರಿಯ ಸಿಬ್ಬಂದಿಯೇ, ಈ ಮಾತು ನಿಮಗೆ.

ಪಿಯುಸಿಯಲ್ಲಿ ಚೆನ್ನಾಗಿ ಓದಿದ ಬಡ ಮಕ್ಕಳಿಗೆ ಕೇಂದ್ರ ಸರ್ಕಾರ 2008ರಿಂದ ವಿದ್ಯಾರ್ಥಿವೇತನ ಕೊಡುತ್ತಿದೆ. ತಮ್ಮ ಬೋರ್ಡಿನ ಪರೀಕ್ಷೆಯಲ್ಲಿ, ತಮ್ಮ ವಿಭಾಗದಲ್ಲಿ ಮೇಲಿನ ಶೇ. 20ರೊಳಗೆ ಬಂದವರಿಗೆ, ಮನೆಯ ವಾರ್ಷಿಕ ಆದಾಯ ನಾಲ್ಕೂವರೆ ಲಕ್ಷ ಮೀರದವರಿಗೆ ಅದು. ಪದವಿಯ ಮೊದಲ ಮೂರು ವರ್ಷ, ವರ್ಷಕ್ಕೆ 12,000 ರೂಪಾಯಿ, ಸ್ನಾತಕೋತ್ತರದಲ್ಲಿ 20,000. ತಿಂಗಳಿಗೆ ಸಾವಿರ ಎಂದರೆ ಸಂಬಳದಾರರಿಗೆ ದೊಡ್ಡದೆನಿಸದು. ಕೂಲಿ ಮಾಡುವ ಮನೆಯಲ್ಲಿ ಅದು ಮಗಳ ಪರೀಕ್ಷಾ ಶುಲ್ಕ, ಪುಸ್ತಕ, ನೋಟ್ಸಿನ ಜೆರಾಕ್ಸು. ಅದಕ್ಕೂ ಹೆಚ್ಚಾಗಿ, ‘ಓದಿದ್ದು ಸಾಕು, ಗಂಡು ನೋಡೋಣ’ ಎನ್ನುವ ನೆಂಟರ ಎದುರು ಅವಳ ತಾಯಿ ಹೇಳಬಹುದಾದ ಗಟ್ಟಿ ಮಾತು: ‘ಸರ್ಕಾರನೇ ದುಡ್ಡು ಕೊಟ್ಟು ಓದಿಸ್ತಾ ಇದೆಯಲ್ಲ, ನೀವ್ಯಾರು ಬೇಡ ಅನ್ನೋಕೆ?’

ಆ ಮಾತಿನ ಬಲ ಒಂದು ವರ್ಷದ್ದು ಮಾತ್ರ. ಪ್ರತಿ ವರ್ಷ ನವೀಕರಣ ಆಗಬೇಕು. ಶೇ. 50 ಅಂಕ, ಶೇ. 75 ಹಾಜರಾತಿ ಇರಬೇಕು. ರ‍್ಯಾಗಿಂಗ್‌ನಂಥ ದೂರು ಇರಬಾರದು. ನಿಯಮ ನ್ಯಾಯವಾಗಿಯೇ ಇದೆ, ಸಡಿಲಿಸಿ ಎಂದು ನಾನು ಕೇಳುವುದಿಲ್ಲ. ಆದರೆ ಪಿಯುಸಿಯಲ್ಲಿ ಮುಂದಿದ್ದ ಹುಡುಗಿ ಪದವಿಯ ಮೊದಲ ವರ್ಷ ಐವತ್ತಕ್ಕೂ ತಿಣುಕುತ್ತಾಳೆಂದರೆ ಅವಳ ಬುದ್ಧಿ ಬೇಸಿಗೆ ರಜೆಯಲ್ಲಿ ಕರಗಿಹೋಯಿತೆ? ಹತ್ತನೆಯವರೆಗೆ ಕನ್ನಡದಲ್ಲಿ ಓದಿದವಳ ಮುಂದೆ ಇಡೀ ಪಠ್ಯವನ್ನು ಇಂಗ್ಲಿಷಿನಲ್ಲಿ ಓಡಿಸಿ, ‘ಡೌಟ್ಸ್ ಇದೆಯಾ’ ಎಂದು ಕೇಳಿ, ಯಾರೂ ಕೈ ಎತ್ತದಿದ್ದರೆ ಹೊರನಡೆಯುತ್ತೇವೆ. ಮೊದಲ ಇಂಟರ್ನಲ್ಸ್‌ನಲ್ಲೇ ಅವಳ ಸ್ಥಿತಿ ಗೊತ್ತಾಗುತ್ತದೆ. ಅಂದೇ ಸ್ಟಾಫ್ ರೂಮಿಗೆ ಕರೆದು, ಕೂರಿಸಿ, ಅವಳಿಗೆ ತಿಳಿಯುವ ಕನ್ನಡದಲ್ಲಿ ಹೇಳಿಕೊಡಿ. ಇದಕ್ಕೆ ಯಾವ ಸುತ್ತೋಲೆಯೂ ಬೇಕಿಲ್ಲ.

ಹಾಜರಾತಿಯ ಲೆಕ್ಕವನ್ನೂ ನೋಡಿ. ವಾರಕ್ಕೆ ನಾಲ್ಕು ತರಗತಿ, ಹದಿನೈದು ವಾರಕ್ಕೆ ಅರವತ್ತು. ಹದಿನೈದು ತಪ್ಪಿದರೆ ಸರಿಯಾಗಿ 75ರ ಅಂಚಿಗೆ ಬಂದು ನಿಂತಂತೆ. ಹದಿನಾರನೆಯದು ತಪ್ಪಿದರೆ ಮುಗಿಯಿತು. ಕಾಫಿ ಕೊಯ್ಲಿಗೆ ಅಪ್ಪನ ಜೊತೆ ಹೋದ ಹುಡುಗ, ರಾತ್ರಿ ಪಾಳಿ ಮುಗಿಸಿ ಮೊದಲ ಪೀರಿಯಡ್ಡಿಗೆ ಬರಲಾಗದ ಹುಡುಗ ಈ ಲೆಕ್ಕ ಇಟ್ಟುಕೊಂಡಿರುವುದಿಲ್ಲ. ಅದು ನಮ್ಮ ರಿಜಿಸ್ಟರಿನಲ್ಲಿದೆ. ಸುಳ್ಳು ಹಾಜರಿ ಹಾಕುವುದು ಬೇಡ. ಸೆಮಿಸ್ಟರಿನ ಕೊನೆಗೆ ಶಾರ್ಟೇಜ್ ಪಟ್ಟಿ ಅಂಟಿಸುವ ಬದಲು, ಹತ್ತು ತರಗತಿ ತಪ್ಪಿದ ದಿನವೇ ‘ಯಾಕಪ್ಪಾ, ಮನೇಲಿ ಏನಾಗಿದೆ?’ ಎಂದು ಕೇಳಬಾರದೇ?

ಇನ್ನು, ಅಂಕವೂ ಹಾಜರಾತಿಯೂ ಇದ್ದು ಹಣ ಕಳೆದುಕೊಳ್ಳುವವರ ಸಂಗತಿ. ನನ್ನ ಹೊಟ್ಟೆ ಉರಿಯುವುದು ಇಲ್ಲೇ. ವಿದ್ಯಾರ್ಥಿ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ನವೀಕರಣದ ಅರ್ಜಿ ಹಾಕಿದರೆ ಸಾಲದು; ಕಾಲೇಜಿನ ನೋಡಲ್ ಅಧಿಕಾರಿ ತಮ್ಮ ಲಾಗಿನ್‌ನಲ್ಲಿ ಪರಿಶೀಲಿಸಿ ಮುಂದೆ ಕಳಿಸದಿದ್ದರೆ ಅದು ಅಲ್ಲಿಯೇ ಕೊಳೆಯುತ್ತದೆ. ತಪ್ಪಿದ್ದರೆ ತಿದ್ದಲು ಮರಳಿಸುವ ಅವಕಾಶವಿದೆ, ಆದರೆ ಗಡುವು ಮುಗಿಯುವ ಸಂಜೆ ಮರಳಿಸಿದರೆ ಮಗು ಏನು ಮಾಡೀತು? ಸೂಚನೆಯೋ ಇಂಗ್ಲಿಷಿನಲ್ಲಿ, ಪರೀಕ್ಷಾ ವೇಳಾಪಟ್ಟಿಯ ಅಡಿಯಲ್ಲಿ ಅರ್ಧ ಮುಚ್ಚಿಕೊಂಡು ನೋಟಿಸ್ ಬೋರ್ಡಿನಲ್ಲಿರುತ್ತದೆ. ಓಟಿಪಿ ಬರುವುದು ಊರಲ್ಲಿರುವ ಅಪ್ಪನ ಫೋನಿಗೆ; ಅವರು ಹೊಲದಲ್ಲಿ. ರೀಚಾರ್ಜ್ ಮಾಡಿಸದೆ ಸಿಮ್ಮೇ ಸತ್ತಿದ್ದರೆ ಆಧಾರ್ ಕೇಂದ್ರದ ಸರದಿಗೆ ಒಂದು ದಿನ, ಅಂದರೆ ಇನ್ನಷ್ಟು ತರಗತಿ ತಪ್ಪಿದಂತೆ. ಬೇರೆ ಬ್ಯಾಂಕಿನಲ್ಲಿ ಹೊಸ ಖಾತೆ ತೆರೆದು ಆಧಾರ್ ಜೋಡಿಸಿದ್ದರೆ ಹಣ ಅತ್ತ ಹೋಗಿರುತ್ತದೆ. ಹೇಳುವವರಿಲ್ಲದೆ ವಿದ್ಯಾರ್ಥಿನಿ ‘ಬಂದಿಲ್ಲ’ ಎಂದೇ ತಿಳಿದಿರುತ್ತಾಳೆ. ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ ಆದ ಎಸ್‌ಎಸ್‌ಪಿಗೆ ಅರ್ಜಿ ಹಾಕುವ ಮಕ್ಕಳ ಪಾಡೂ ಹೆಚ್ಚುಕಡಿಮೆ ಇದೇ.

ವಿದ್ಯಾರ್ಥಿಗಳೇ, ನಿಮಗೂ ಒಂದು ಮಾತು. ಈ ಹಣ ನೀವು ಓದಿ ಗಳಿಸಿದ್ದು. ಕಚೇರಿಯ ಕಿಟಕಿಯ ಮುಂದೆ ತಲೆ ತಗ್ಗಿಸಬೇಡಿ. ‘ನಾಳೆ ಬಾ’ ಎಂದರೆ ನಾಳೆ ಹೋಗಿ, ನಾಡಿದ್ದೂ ಹೋಗಿ, ಅರ್ಜಿಯ ಸ್ಥಿತಿ ಬದಲಾಗುವವರೆಗೂ ಕೇಳಿ.

ಪ್ರಾಂಶುಪಾಲರೇ, ಕಳೆದ ವರ್ಷ ನಿಮ್ಮ ಕಾಲೇಜಿನಲ್ಲಿ ವಿದ್ಯಾರ್ಥಿವೇತನ ಪಡೆದವರ ಪಟ್ಟಿ ತರಿಸಿಕೊಳ್ಳಿ. ಈ ವರ್ಷ ನವೀಕರಿಸಿದವರ ಪಟ್ಟಿಯನ್ನು ಅದರ ಪಕ್ಕಕ್ಕಿಡಿ. ಬಿಟ್ಟುಹೋದ ಒಂದೊಂದು ಹೆಸರಿಗೂ ಗಡುವಿನೊಳಗೆ ನೀವೇ ಫೋನ್ ಮಾಡಿ.