ಮುಂಬೈ ಪೋಸ್ಟಿನ ನೆತ್ತಿಯ ಮೇಲೆ ವಿಜಾಪುರದ ಗುಮ್ಮಟ

ಕಾಗವಾಡ, ರಾಯಬಾಗ ಕಡೆಯ ವ್ಯಾಪಾರಸ್ಥರು ಮೀರಜದಲ್ಲಿ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಹತ್ತಿ ಮುಂಬೈ ಸಿ.ಎಸ್.ಎಂ.ಟಿ.ಯಲ್ಲಿ ಇಳಿಯುತ್ತಾರೆ. ಸ್ಟೇಶನ್ನಿನ ಪಕ್ಕದಲ್ಲೇ ಜನರಲ್ ಪೋಸ್ಟಾಫೀಸು. ಮಾರ್ಕೆಟ್ಟಿನ ಗಡಿಬಿಡಿಯಲ್ಲಿ ಯಾರೂ ತಲೆ ಎತ್ತುವುದಿಲ್ಲ. ಎತ್ತಿದರೆ, 'ಏ, ಇದು ನಮ್ಮ ವಿಜಾಪುರದ ಗೋಲಗುಮ್ಮಟ ಅಲ್ಲೇನ್ರೀ?' ಅಂದಾರು.

ಸುಳ್ಳಲ್ಲ. ಕಟ್ಟಡದ ನಕಾಶೆ ತಯಾರಿಸಿದ ಜಾನ್ ಬೆಗ್ ಸಾಹೇಬ ಗುಮ್ಮಟದ ಮಾದರಿಯನ್ನು ತಗೊಂಡದ್ದು 1656ರ ಗೋಲಗುಮ್ಮಟದಿಂದಲೇ. 1904ರಲ್ಲಿ ಶುರುವಾದ ಕೆಲಸ 1913ಕ್ಕೆ ಮುಗಿಯಿತು. ಖರ್ಚು ಸುಮಾರು 18 ಲಕ್ಷ ರೂಪಾಯಿ. ಗೋಡೆ ಕರಿಕಲ್ಲಿನದು, ಅಲಂಕಾರಕ್ಕೆ ಕುರ್ಲಾದ ಹಳದಿ ಕಲ್ಲು, ಧ್ರಾಂಗಧ್ರಾದ ಬಿಳಿ ಕಲ್ಲು. ಗುಮ್ಮಟದ ಅಡ್ಡಳತೆ 65 ಅಡಿ. ವಿಜಾಪುರದ್ದು ಒಳಗಿನಿಂದಲೇ ಸುಮಾರು 124 ಅಡಿ, ಅಂದರೆ ಹೆಚ್ಚುಕಡಿಮೆ ದುಪ್ಪಟ್ಟು! ಆದರೆ ಅಲ್ಲಿ ಗುಮ್ಮಟದ ಕೆಳಗೆ ಮಲಗಿದವನು ಬಾದಶಹ. ಇಲ್ಲಿ ಗುಮ್ಮಟದ ಕೆಳಗೆ ಪಾಳಿ ಹಚ್ಚಿದವನು ಮನಿಆರ್ಡರ್ ಮಾಡುವ ಕೂಲಿಕಾರ.

ಇನ್ನೊಂದು ಮೋಜು ಕೇಳಿ. ವಿಜಾಪುರದ ಒಂದು ಚಂದದ ಮಸೀದಿಯೊಳಗೆ ಇಂಗ್ರೇಜಿ ಸರಕಾರ ಪೋಸ್ಟಾಫೀಸು ಇಟ್ಟಿತ್ತು. ವೈಸರಾಯ್ ಕರ್ಜನ್ ಅದನ್ನು ಅಲ್ಲಿಂದ ಎಬ್ಬಿಸಿದ. ಪ್ರಾಚೀನ ಸ್ಮಾರಕಗಳ ರಕ್ಷಣೆಗೆ ಆತ ಕಾಯ್ದೆ ತಂದದ್ದೂ 1904ರಲ್ಲೇ. ವಿಜಾಪುರದ ಮಸೀದಿಯಿಂದ ಟಪಾಲು ಹೊರಬಿತ್ತು, ಮುಂಬೈ ಟಪಾಲಿನ ತಲೆ ಮೇಲೆ ವಿಜಾಪುರದ ಗುಮ್ಮಟ ಏರಿತು.

ಬೆಳಗಾವಿ ಜಿಲ್ಲೆ 1956ರ ನವೆಂಬರ್ 1ರ ತನಕ ಮುಂಬೈ ರಾಜ್ಯದಲ್ಲೇ ಇತ್ತು. ಆ ಋಣಾನುಬಂಧ ಮುಗಿದರೂ ಮುಂಬೈಯವರಿಂದ ಕಲಿಯುವ ಒಂದು ಮಾತಿದೆ. ನೂರು ವರ್ಷ ದಾಟಿದ ಕಟ್ಟಡದಲ್ಲಿ ಅವರು ಇಂದಿಗೂ ಪೋಸ್ಟನ್ನೇ ನಡೆಸುತ್ತಾರೆ. ಕೀಲಿ ಹಾಕಿಟ್ಟಿದ್ದರೆ ಅದು ಪಾರಿವಾಳದ ಪಾಲಾಗುತ್ತಿತ್ತು. ಈ ಕಡೆಯ ರೂಢಿಯೇ ಬೇರೆ. ಚಿಕ್ಕೋಡಿ ಇರಲಿ, ಅಥಣಿ ಇರಲಿ, ಸರಕಾರಿ ಕಟ್ಟಡದ ಹಂಚು ಸೋರಿತೆಂದರೆ 'ಕೆಡವಿ ಹೊಸದು ಕಟ್ಟಿಸಿರಿ' ಎಂಬ ಮಾತು ಮೊದಲು. ದುರಸ್ತಿಯ ಮಾತು ಕೊನೆಗೆ, ಬಂದರೆ ಬಂತು.

ಪತ್ರ ಯಾರು ಬರೀತಾರ್ರೀ ಈಗ, ಅಂತ ಕೇಳುವವರಿದ್ದಾರೆ. ರಜಿಸ್ಟರ್ಡ್ ಪೋಸ್ಟ್ ಕೂಡ 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಯಿತು, ಖರೆ. ಉಳಿತಾಯದ ಪಾಸ್‌ಬುಕ್ಕು, ವಿಮೆ, ಪಾರ್ಸಲ್ಲು ಎಲ್ಲಿ ಹೋದವು? ಒಂದು ಮಾಲು ಖಪಾಗದಿದ್ದರೆ ನಿಪ್ಪಾಣಿಯ ಅಂಗಡಿಕಾರ ಬೇರೆ ಮಾಲು ತರಿಸುತ್ತಾನೆ, ಅಂಗಡಿ ಕೆಡವುವುದಿಲ್ಲ.

ಪೋಸ್ಟಾಗಲಿ, ಕಚೇರಿಯಾಗಲಿ, ಹಳೆಯ ಕಟ್ಟಡಕ್ಕೆ ಗುದ್ದಲಿ ಹಾಕುವ ಮೊದಲು ದುರಸ್ತಿಗೆ ಎಷ್ಟು, ಹೊಸದಕ್ಕೆ ಎಷ್ಟು ಎಂಬ ಅಂದಾಜು ಪಟ್ಟಿಯನ್ನು ಅದೇ ಕಟ್ಟಡದ ಬಾಗಿಲಿಗೆ ಹಚ್ಚಲಿ. ಸ್ಟಾಂಪು ಕೊಳ್ಳಲು ಬಂದವನೂ ಓದಿ ಲೆಕ್ಕ ಕೇಳಲಿ.